ಇನ್ನೂರ ಇಪ್ಪತ್ತು ಸಹಿ

ಸೊಸೆ ಎರಡನೇ ಸರದಿಯ ಚಹಾ ಸೋಸುತ್ತಿದ್ದಳು. ಬೆಳಗಿನ ಬ್ರೆಡ್ ಅಂಗಡಿಗಳಿಗೆಲ್ಲ ಹಾಕಿ ಮನೆಗೆ ಬಂದ ಅವಳ ಗಂಡ, ವ್ಯಾನಿನ ಬೀಗದ ಕೈಯನ್ನು ಮೊಳೆಗೆ ಸಿಕ್ಕಿಸುವ ಮೊದಲೇ ಹೇಳಿದ.

"ಅಪ್ಪಾ, ನಿಮ್ಮ ಸೊಸೈಟಿ ಬಾಗಿಲಿಗೆ ಏನೋ ಕಾಗದ ಅಂಟಿಸಿದ್ದಾರೆ. ಮುಂದೆ ಜನವೋ ಜನ."

ಮಾವ ಬ್ರೆಡ್ಡಿನ ತುಂಡೊಂದನ್ನು ಚಹಾದಲ್ಲಿ ಅದ್ದಿ ಹಿಡಿದಿದ್ದರು. "ಸುಣ್ಣ ಬಳಿಸೋ ವಿಷಯ ಇರಬೇಕು. ಅಧ್ಯಕ್ಷರು ಹೇಳ್ತಾ ಇದ್ರು."

"ಸುಣ್ಣ ಬಳೀತಾರೆ ಅಂತ ಯಾರಾದ್ರೂ ಅಳ್ತಾರಾ? ಮೀನಂಗಡಿಯವನು ಮೆಟ್ಟಿಲ ಮೇಲೆ ಕೂತು ಮಕ್ಕಳ ಹಾಗೆ ಅಳ್ತಿದಾನೆ."

ಮಾವನ ಕೈಯಲ್ಲಿದ್ದ ತುಂಡು ಮೆತ್ತಗಾಗಿ ಕಳಚಿ ಲೋಟದ ತಳಕ್ಕೆ ಇಳಿಯಿತು. ಅವರು ಎದ್ದು ಶರ್ಟಿನ ಗುಂಡಿ ಹಾಕಿಕೊಳ್ಳತೊಡಗಿದರು. ಒಂದು ಗುಂಡಿ ಕೆಳಗಿನ ಕಾಜಕ್ಕೆ ಹೋಗಿತ್ತು. ಅತ್ತೆ ಅದನ್ನು ನೋಡಿದರೂ ಹೇಳಲಿಲ್ಲ. ಮದುವೆಯಾದ ನಲವತ್ತೈದು ವರ್ಷದಲ್ಲಿ ಗಂಡನ ತಪ್ಪು ಕಂಡೂ ಅವರು ಸುಮ್ಮನಿದ್ದದ್ದು ಅದೇ ಮೊದಲಿರಬೇಕು.

ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ಲೇತ್ ನಡೆಸಿ ನಿವೃತ್ತರಾದ ಮಾವ, ಹತ್ತೊಂಬತ್ತು ವರ್ಷದಿಂದ ಆ ಪತ್ತಿನ ಸಹಕಾರ ಸಂಘದ ಗೌರವ ಕಾರ್ಯದರ್ಶಿ. ಸಂಬಳವಿಲ್ಲ, ತಿಂಗಳಿಗೊಂದು ಚಹಾಪುಡಿ ಪೊಟ್ಟಣದಷ್ಟೂ ಮೇಲುಸಂಪಾದನೆಯಿಲ್ಲ. ಡಿಪೋದ ಅರವತ್ತು ಜನ ಸೇರಿ ಶುರು ಮಾಡಿದ ಸಂಘಕ್ಕೆ ಈಗ ಸಾವಿರದ ನೂರು ಸದಸ್ಯರು: ದರ್ಜಿಗಳು, ಮೀನು ಮಾರುವವರು, ಚಪ್ಪಲಿ ರಿಪೇರಿಯವರು, ರಾತ್ರಿ ಕಾವಲಿನವರು. ಯಾರು ಒಂದು ನಾಣ್ಯ ಕೊಟ್ಟರೂ ಮಾವ ರಸೀದಿ ಹರಿದುಕೊಡುತ್ತಿದ್ದರು. ಓಣಿಯಲ್ಲಿ ಅವರ ಹೆಸರೇ ರಸೀದಿ ಮಾವ. ಮನೆ ಖರ್ಚಿಗೆ ಅತ್ತೆಯಿಂದ ಚಿಲ್ಲರೆ ಈಸಿಕೊಂಡರೂ ರಸೀದಿ. ಅತ್ತೆ ಅವನ್ನೆಲ್ಲ ಬಿಸ್ಕತ್ತಿನ ಡಬ್ಬಿಯಲ್ಲಿ ತುಂಬಿಟ್ಟಿದ್ದರು. "ಈ ಮನುಷ್ಯ ನನಗೆ ಕೊಟ್ಟ ಪ್ರೇಮಪತ್ರ ಇವೇ" ಎನ್ನುತ್ತಿದ್ದರು.

ಒಂಬತ್ತಕ್ಕೆ ಮಾವ ವಾಪಸು ಬಂದರು. ಬಂದವರು ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೆ ಚಪ್ಪಲಿಗಳ ಪಕ್ಕ ಕೂತುಬಿಟ್ಟರು.

"ಏನಂತೆ?" ಅತ್ತೆ ಕೇಳಿದರು.

"ಮುಂದಿನ ಆದೇಶದವರೆಗೆ ಯಾರಿಗೂ ದುಡ್ಡು ಕೊಡೋ ಹಾಗಿಲ್ಲ ಅಂತೆ."

"ಯಾಕೆ?"

"ಇಲ್ಲ. ದುಡ್ಡೇ ಇಲ್ಲ." ಮಾವ ತಮ್ಮ ಅಂಗೈಗಳನ್ನು ನೋಡಿಕೊಂಡರು. "ನೂರಕ್ಕೆ ಎಂಬತ್ತು ಭಾಗ ಅಧ್ಯಕ್ಷರ ಮರದ ಮಿಲ್ಲಿಗೆ ಹೋಗಿದೆ. ಮಿಲ್ಲಿಗೆ ಬೀಗ. ಒಳಗೆ ಗರಗಸದ ಬ್ಲೇಡೂ ಉಳಿದಿಲ್ಲ."

"ಅಧ್ಯಕ್ಷ ಎಲ್ಲಿ?"

"ಮನೆಗೂ ಬೀಗ."

ಕಾಲೇಜಿಗೆ ಹೊರಟಿದ್ದ ಮೊಮ್ಮಗಳು ಚೀಲ ಹೆಗಲಿಗೇರಿಸಿದವಳು ಅಲ್ಲೇ ನಿಂತಳು. "ಅಜ್ಜಾ, ಅಷ್ಟೊಂದು ಸಾಲ ಒಬ್ಬರಿಗೇ ಕೊಡಬಹುದಾ?"

"ಕೊಡೋ ಹಾಗಿರಲಿಲ್ಲ. ಹೋದ ವರ್ಷ ಕೊಡಬಹುದು ಅಂತ ಆಯ್ತು. ಸರ್ವಸದಸ್ಯರ ಸಭೆಯಲ್ಲಿ ಆರನೇ ವಿಷಯ. ಬಡ್ಡಿ ಜಾಸ್ತಿ ಕೊಡ್ತೀನಿ ಅಂದ್ರು ಅಧ್ಯಕ್ಷರು. ಎಲ್ಲರಿಗೂ ಡಿವಿಡೆಂಡ್ ಜಾಸ್ತಿ ಸಿಗುತ್ತಲ್ಲ ಅಂತ ನಾನೂ..."

ಆ ಸಭೆ ಹೇಗೆ ನಡೆದಿತ್ತು ಎಂಬುದು ಐವರಿಗೂ ಒಟ್ಟಿಗೇ ನೆನಪಾಗಿತ್ತು. ಸೊಸೆ ಕೈಯಲ್ಲಿದ್ದ ಚಹಾ ಸೋಸುವ ಜಾಲರಿಯನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದೇ ನಿಂತಿದ್ದಳು.

ವರ್ಷಕ್ಕೊಮ್ಮೆ ನಡೆಯುವ ಸಭೆಗೆ ಐದರಲ್ಲೊಬ್ಬ ಸದಸ್ಯನಾದರೂ ಬರಬೇಕು, ಎಂದರೆ ಇನ್ನೂರ ಇಪ್ಪತ್ತು ಜನ. ಬಂದರೆ ಸಭೆ, ಬಾರದಿದ್ದರೆ ಮುಂದಕ್ಕೆ. ಬನ್ನು-ಚಹಾ ಇದೆಯೆಂದು ಸಾರಿದರೂ ನಲವತ್ತಕ್ಕಿಂತ ಹೆಚ್ಚು ಜನ ಎಂದೂ ಬಂದದ್ದಿಲ್ಲ. ದುಡಿಯುವವರು, ಭಾನುವಾರವೂ ಬಿಡುವಿಲ್ಲದವರು. ಒಂದು ವರ್ಷ ಸಭೆ ಎರಡು ಸಲ ಮುಂದೆ ಹೋಗಿ ಡಿವಿಡೆಂಡ್ ತಡವಾದಾಗ, ಬಾರದವರೇ ಬಂದು ಮಾವನನ್ನು ಬಾಯಿಗೆ ಬಂದ ಹಾಗೆ ಬೈದಿದ್ದರು. ಮರುವರ್ಷದಿಂದ ಮಾವ ಹಾಜರಿ ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಸಹಿ ಹಾಕಿಸತೊಡಗಿದರು. ಯಾರೂ ಇಲ್ಲವೆನ್ನುತ್ತಿರಲಿಲ್ಲ, ಏತಕ್ಕೆಂದು ಕೇಳುತ್ತಲೂ ಇರಲಿಲ್ಲ. ಆಮೇಲೆ ಮಾವನ ಮಂಡಿ ಕೆಟ್ಟಿತು.

"ಹೇಗೂ ಕೇಳಿದ್ರೆ ಹಾಕೇ ಹಾಕ್ತಾರೆ. ಕೇಳೋಕೆ ಹೋಗೋ ನಡಿಗೆ ಒಂದು ಉಳಿಸಿದ ಹಾಗೆ" ಎಂದಿದ್ದವರು ಅತ್ತೆಯೇ.

ಹೀಗೆ ಪುಸ್ತಕ ಮನೆಯ ಊಟದ ಮೇಜಿಗೆ ಬಂತು. ಜೊತೆಗೆ ಸದಸ್ಯರ ಮಾದರಿ ಸಹಿಯ ಕಾರ್ಡುಗಳ ಪೆಟ್ಟಿಗೆ. ಶಾಲೆಯೊಂದರ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ಸೊಸೆಯದು ಮುತ್ತು ಪೋಣಿಸಿದಂಥ ಅಕ್ಷರ, ಯಾವ ಸಹಿಯನ್ನಾದರೂ ಎರಡು ಸಲ ನೋಡಿದರೆ ಮೂರನೆಯದು ಕೈಯಲ್ಲಿ ಬರುತ್ತಿತ್ತು. ಗಂಡ ಹೆಸರು ಓದುವುದು, ಮಗಳು ಬೇರೆಬೇರೆ ಶಾಯಿಯ ಪೆನ್ನು ಕೊಡುವುದು, ವಯಸ್ಸಾದವರ ನಡುಗುವ ಸಹಿಗಳನ್ನು ಎಡಗೈಯಲ್ಲಿ ಹಾಕುವುದು. ಹೆಬ್ಬೆಟ್ಟಿನವರೆಲ್ಲ ಅತ್ತೆಯ ಪಾಲಿಗೆ. ಒಂದೊಂದು ಬೆರಳನ್ನು ಅಗಲವಾಗಿ ಉರುಳಿಸಿ ಒತ್ತಿ, "ನಾನೊಬ್ಬಳೇ ಹತ್ತು ಜನ ಕಣ್ರೋ" ಎಂದು ನಗುತ್ತಿದ್ದರು. ಎರಡು ದಿನ ಬೆರಳ ಬಣ್ಣ ಹೋಗುತ್ತಿರಲಿಲ್ಲ, ಅದೇ ಕೈಯಲ್ಲಿ ಊಟ. ವರ್ಷದಲ್ಲಿ ಐದೂ ಜನ ಒಟ್ಟಿಗೆ ಕೂತು ಅಷ್ಟು ನಗುತ್ತಿದ್ದ ಭಾನುವಾರ ಬೇರೆ ಇರಲಿಲ್ಲ.

ಹನ್ನೊಂದು ವರ್ಷ ಹಾಗೆ ನಡೆದಿತ್ತು.

*

ಎದುರು ಕಟ್ಟಡದ ಮೆಟ್ಟಿಲ ಕೆಳಗೆ, ಬೀರುವಿನಷ್ಟಗಲದ ಜಾಗದಲ್ಲಿ ಇಸ್ತ್ರಿ ಅಂಗಡಿ. ಅದನ್ನು ನಡೆಸುವ ಹೆಂಗಸು ಓಣಿಗೆಲ್ಲ ಇಸ್ತ್ರಿಯಕ್ಕ. ಅವಳು ಮಾತ್ರ ಸೊಸೆಯನ್ನು ಟೀಚರಮ್ಮ ಎನ್ನುತ್ತಿದ್ದಳು. ನಾನು ಬರೀ ಗುಮಾಸ್ತೆ ಕಣೇ ಎಂದರೆ, "ನನಗೆ ಕಲಿಸಿದೋಳು ನೀನೇ ತಾನೆ? ಹಂಗಾದ್ರೆ ನೀನೇ ಟೀಚರಮ್ಮ."

ಕಲಿಸಿದ್ದು ಒಂದೇ ಒಂದು, ಅವಳ ಸಹಿ. ನಲವತ್ತನೇ ವಯಸ್ಸಿನಲ್ಲಿ ಸೊಸೈಟಿಯಲ್ಲಿ ಖಾತೆ ತೆರೆಯುವಾಗ, ಹೆಬ್ಬೆಟ್ಟು ಒತ್ತಲು ನಾಚಿಕೆಯಾಗುತ್ತದೆ ಎಂದಿದ್ದಳು. ಸೊಸೆ ಇದೇ ಮೇಜಿನ ಮೇಲೆ ಹಳೆಯ ಕ್ಯಾಲೆಂಡರಿನ ಬೆನ್ನಿಗೆ ತಿದ್ದಿಸಿದ್ದಳು. ಹೊಟ್ಟೆ ದಪ್ಪಗಿನ ಮೊದಲ ಅಕ್ಷರ, ಅದರ ಹಿಂದೆ ಮೂರು ಸಣ್ಣವು, ಕೊನೆಗೆ ಕೆಳಗೊಂದು ಉದ್ದ ಗೆರೆ. "ಇಸ್ತ್ರಿ ಎಳೆದ ಹಂಗೆ ಎಳೀಬೇಕು, ಮಧ್ಯೆ ನಿಲ್ಲಿಸಬಾರದು" ಎಂದಾಗ ಇಸ್ತ್ರಿಯಕ್ಕ ಬಾಯ್ತುಂಬ ನಕ್ಕಿದ್ದಳು.

ಅಂದಿನಿಂದ ದಿನದ ಗಳಿಕೆಯ ಮೂರರಲ್ಲೊಂದು ಪಾಲು ಸೊಸೈಟಿಗೆ ಹೋಗುತ್ತಿತ್ತು. ಈಗ ಕಟ್ಟಡದ ಮಾಲೀಕ ಆ ಮೆಟ್ಟಿಲ ಕೆಳಗಿನ ಜಾಗವನ್ನು ಮಾರಲು ಹೊರಟಿದ್ದ. ಅವಳು ಮುಂಗಡ ಕೊಟ್ಟಿದ್ದಳು, ಉಳಿದದ್ದನ್ನು ತಿಂಗಳ ಕೊನೆಗೆ ಕೊಡಬೇಕು. ಕೊಡದಿದ್ದರೆ ಮುಂಗಡವೂ ಇಲ್ಲ, ಅಂಗಡಿಯೂ ಇಲ್ಲ.

ಹೋದ ವರ್ಷದ ಸಭೆಗೆ ಸಹಿ ಹಾಕುವಾಗ ಅವಳ ಹೆಸರು ಬಂದಿತ್ತು. ರಸ್ತೆ ದಾಟಿದರೆ ಅವಳು, ಇಪ್ಪತ್ತು ಹೆಜ್ಜೆ. ಸೊಸೆ ಕಿಟಕಿಯಿಂದ ಇಣುಕಿದ್ದಳು. ಅಂಗಡಿ ಮುಂದೆ ಮೂವರು ಗಿರಾಕಿಗಳಿದ್ದರು. ಪಾಪ, ಯಾಕೆ ತೊಂದರೆ ಕೊಡುವುದು ಎಂದು ತಾನೇ ಹಾಕಿದ್ದಳು. ಒಂದೇ ಎಳೆತಕ್ಕೆ ಗೆರೆ.

*

ಎರಡನೇ ವಾರ ಸಹಕಾರ ಇಲಾಖೆಯಿಂದ ತನಿಖೆಯ ಅಧಿಕಾರಿ ಬಂದಳು. ಸಣ್ಣ ವಯಸ್ಸಿನ ಹೆಂಗಸು, ಮೆಲ್ಲಗೆ ಮಾತಾಡುವವಳು. ಸದಸ್ಯರನ್ನು ಹತ್ತು ಹತ್ತು ಜನರಂತೆ ಒಳಗೆ ಕರೆದು ಪುಸ್ತಕ ತೋರಿಸಿದಳಂತೆ. ಸೊಸೆಗೆ ಅದು ತಿಳಿದದ್ದು ಸಂಜೆ ಆರಕ್ಕೆ. ಅವಳು ಬೀನ್ಸ್ ಮುರಿಯುತ್ತ ಕೂತಿದ್ದಾಗ ಇಸ್ತ್ರಿಯಕ್ಕ ಬಾಗಿಲಿಗೆ ಬಂದು ನಿಂತಳು.

"ಟೀಚರಮ್ಮಾ, ನಾನೇ ಹಾಕಿದೀನಂತೆ."

"ಏನು?"

"ಸೈನು. ಆ ಮಿಲ್ಲಿನೋನಿಗೆ ಸಾಲ ಕೊಡಿ ಅಂತ. ನಾನೇ ಕೈಯಾರೆ ಹಾಕಿದೀನಿ. ಕಣ್ಣಲ್ಲಿ ಕಂಡೆ."

"ಅದು ನಿನ್ನದೇ ಅಂತ ಹೇಗೆ..."

"ನಂದೇ ಕಣಮ್ಮ! ಆ ಹೊಟ್ಟೆ, ಆ ಗೆರೆ. ನನ್ನ ಸೈನು ನನಗೆ ಗೊತ್ತಾಗಲ್ವಾ? ಒಂದೊಂದಿನ ಎಷ್ಟೋ ಚೀಟಿಗೆ ಹಾಕ್ತೀನಿ, ಯಾವುದ್ರಲ್ಲಿ ಹಾಕ್ಬಿಟ್ನೋ. ನೆನಪೇ ಇಲ್ಲ. ನಮ್ಮ ಯಜಮಾನ ಬಾಯಿಗೆ ಬಂದ ಹಂಗೆ ಉಗಿದ. ಹೆಬ್ಬೆಟ್ಟಾಗಿದ್ದಾಗ್ಲೇ ಚೆನ್ನಾಗಿತ್ತು, ಸೈನ್ ಕಲಿತು ಮನೆ ಹಾಳು ಮಾಡಿದೆ ಅಂದ." ಅವಳು ತನ್ನ ಬಲಗೈಯನ್ನು ಎಡಗೈಯಿಂದ ಹೊಡೆದುಕೊಂಡಳು, ತಪ್ಪು ಮಾಡಿದ ಮಗುವನ್ನು ಹೊಡೆಯುವ ಹಾಗೆ. "ಈ ಕೈಗೆ ಏನು ಬಂದಿತ್ತೋ."

ಒಳಗಿನ ಕೋಣೆಯಲ್ಲಿ ರೇಡಿಯೋ ಸಣ್ಣಗಾಯಿತು. ಅತ್ತೆ ಕೇಳಿಸಿಕೊಳ್ಳುತ್ತಿದ್ದರು.

"ನೀರು ಕುಡಿ" ಎಂದಳು ಸೊಸೆ. ಲೋಟ ತುಂಬಿದ ಮೇಲೂ ಸುರಿಯುತ್ತಲೇ ಇದ್ದಳು, ನೀರು ನೆಲಕ್ಕೆ ಚೆಲ್ಲಿತು. ಇಸ್ತ್ರಿಯಕ್ಕ ತನ್ನ ಸೆರಗಿನಿಂದಲೇ ನೆಲ ಒರೆಸಿದಳು. "ನೀನ್ಯಾಕೆ ಹೆದರ್ತೀಯ, ತಪ್ಪು ಮಾಡಿದೋಳು ನಾನು" ಎಂದು ಸಮಾಧಾನ ಬೇರೆ ಹೇಳಿದಳು.

*

ಆ ದಿನದಿಂದ ಮನೆಯಲ್ಲಿ ಊಟಕ್ಕೆ ಕೂತರೆ ಜಗಳ. ಅಧಿಕಾರಿ ಎಲ್ಲರಿಗೂ ಬಿಡಿಸಿ ಹೇಳಿದ್ದಳು. ಸಭೆ ಒಪ್ಪಿ ಕೊಟ್ಟ ಸಾಲವಾದರೆ ನಷ್ಟ ಸದಸ್ಯರದ್ದೇ, ಇಟ್ಟ ನೂರಕ್ಕೆ ಇಪ್ಪತ್ತು ಸಿಕ್ಕರೆ ಪುಣ್ಯ. ಸಭೆಯೇ ನಡೆದಿರಲಿಲ್ಲವೆಂದಾದರೆ, ಸಾಲ ಕೊಟ್ಟ ಆಡಳಿತ ಮಂಡಳಿಯವರ ಮನೆಮಠ ಮಾರಿಸಿ ವಸೂಲು ಮಾಡಬಹುದು. ಮಂಡಳಿಯ ಏಳು ಜನರಲ್ಲಿ ಸ್ವಂತ ಮನೆಯಿದ್ದವರು ಮೂವರು. ಅವರಲ್ಲೊಬ್ಬರು ಮಾವ.

"ಬಾಯಿಗೆ ಬೀಗ ಹಾಕ್ಕೊಂಡಿರೋದು, ಅಷ್ಟೇ" ಎಂದ ಗಂಡ, ತಟ್ಟೆಯಲ್ಲಿ ಆಲೂಗಡ್ಡೆ ಕಿವುಚುತ್ತ. "ನಾವು ಯಾರ ದುಡ್ಡು ತಿಂದಿಲ್ಲ."

"ಇಸ್ತ್ರಿಯಕ್ಕನೂ ತಿಂದಿಲ್ಲ" ಎಂದಳು ಸೊಸೆ.

"ಅವಳಿಗೆ ಅಂಗಡಿ ಹೋಗುತ್ತೆ. ನಮಗೆ ಮನೆ ಹೋಗುತ್ತೆ. ಯಾವುದು ದೊಡ್ಡದು?"

"ಅವಳು ಅದು ತನ್ನದೇ ಸಹಿ ಅಂದ್ಕೊಂಡಿದಾಳೆ ಕಣ್ರೀ. ತನ್ನ ಕೈಗೆ ತಾನೇ ಹೊಡ್ಕೊಂಡ್ಳು."

"ಅಂದ್ಕೊಂಡ್ರೆ ಅಂದ್ಕೊಳ್ಳಲಿ ಬಿಡು!"

ಅತ್ತೆ ಸೌಟನ್ನು ಪಾತ್ರೆಯಲ್ಲಿ ಕುಕ್ಕಿದರು. "ಈ ಮನೆ ಗೋಡೆಗೆ ನಾನು ತಲೆ ಮೇಲೆ ಇಟ್ಟಿಗೆ ಹೊತ್ತಿದೀನಿ, ಗೊತ್ತಾ ನಿನಗೆ? ಏಳು ತಿಂಗಳ ಬಸುರಿ ಆಗ. ನಿನಗೆ ಅಕ್ಷರ ಚೆನ್ನಾಗಿ ಬರುತ್ತೆ ಅಂತ ಮನೆ ಬರೆದುಕೊಡೋಕಾಗುತ್ತಾ?"

"ಪುಸ್ತಕ ಮನೆಗೆ ತರಿಸಿದ್ದು ಯಾರು ಅತ್ತೆ?"

"ಪೆನ್ನು ಹಿಡಿದದ್ದು ಯಾರು?"

"ಅಜ್ಜಿ ಹೆಬ್ಬೆಟ್ಟಿಗೇನು, ಪೊಲೀಸರು ಒಂದು ಸಲ ನೋಡಿದ್ರೆ ಸಾಕು" ಎಂದಳು ಮೊಮ್ಮಗಳು. ನಗಿಸಲೆಂದೇ ಹೇಳಿದ್ದು. ಯಾರೂ ನಗಲಿಲ್ಲ. ಅವಳೂ ತನ್ನ ಎಡಗೈಯನ್ನು ಮೇಜಿನ ಕೆಳಗೆ ಎಳೆದುಕೊಂಡಳು.

ಮರುದಿನ ಬೆಳಗ್ಗೆ ಅತ್ತೆ ಹಾಲಿಗೆಂದು ಚಿಲ್ಲರೆ ಕೊಟ್ಟಾಗ ಮಾವ ಅದನ್ನು ಸುಮ್ಮನೆ ಜೇಬಿಗೆ ಹಾಕಿಕೊಂಡು ಹೊರಟರು. ಅತ್ತೆ ಬಾಗಿಲವರೆಗೂ ಹೋದರು.

"ಏನ್ರೀ, ರಸೀದಿ?"

ಮಾವ ತಿರುಗಿ ನೋಡಲಿಲ್ಲ.

ಮೂರನೇ ವಾರ ಕಟ್ಟಡದ ಮಾಲೀಕ ಮೆಟ್ಟಿಲ ಕೆಳಗಿನ ಜಾಗವನ್ನು ಅಳತೆ ಮಾಡಿಸಿದ. ಶಾಲೆಯಿಂದ ಬರುತ್ತಿದ್ದ ಸೊಸೆ, ರಸ್ತೆಯ ಈಚೆಗೆ ಬಸ್ಸಿನ ನೆರಳಲ್ಲಿ ನಿಂತು ಅದನ್ನು ನೋಡಿದಳು. ಇಸ್ತ್ರಿಯಕ್ಕ ಅವನಿಗೆ ಟೇಪಿನ ಒಂದು ತುದಿ ಹಿಡಿದುಕೊಟ್ಟಿದ್ದಳು.

"ದುಡ್ಡು ಪೂರ್ತಿ ಬರುತ್ತೆ ಅಂತ ಆ ಅಧಿಕಾರಿ ಕೈಯಲ್ಲಿ ಬರೆಸಿ ತಂದ್ರೆ ಕಾಯ್ತೀನಿ" ಎನ್ನುತ್ತಿದ್ದ ಅವನು. "ಕಲ್ಲು ಮನಸ್ಸಿನೋನಲ್ಲ ನಾನು."

"ಹೆಂಗೆ ಬರೆಸಲಿ ಸ್ವಾಮಿ? ನಾನೇ ಒಪ್ಪಿ ಸೈನ್ ಹಾಕಿಬಿಟ್ಟಿದೀನಲ್ಲ."

ಮನೆಗೆ ಬಂದ ಸೊಸೆ ಕೈಕಾಲು ತೊಳೆಯದೆ ಹಾಗೇ ಹೋಗಿ ಮಾವನೆದುರು ನಿಂತಳು. ಅವರು ಖಾಲಿ ರಸೀದಿ ಪುಸ್ತಕವೊಂದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಮಾವ, ಆ ಅಧಿಕಾರಿ ಕರೆದಿರೋ ಭಾನುವಾರದ ಸಭೆಗೆ ನಾನೂ ಬರ್ತೀನಿ."

"ನೀನು ಸದಸ್ಯಳಲ್ಲವಲ್ಲಮ್ಮ."

"ಹನ್ನೊಂದು ವರ್ಷ ನಾನೊಬ್ಬಳೇ ಇನ್ನೂರು ಸದಸ್ಯರಾಗಿದ್ದೆನಲ್ಲ ಮಾವ."

ಮಾವ ರಸೀದಿ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟರು. ಆಮೇಲೆ, "ಕಪ್ಪು ಶಾಯಿ ಪೆನ್ನೂ ತಗೊಂಡು ಬಾ. ಅಲ್ಲಿ ನೀಲಿ ಒಂದೇ ಇರೋದು" ಎಂದರು.

*

ವಿಶೇಷ ಸಭೆಗೆ ಡಿಪೋದ ಹಳೆಯ ಶೆಡ್ಡು ಕಿಕ್ಕಿರಿದಿತ್ತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಕುರ್ಚಿ ಸಾಲಲಿಲ್ಲ. ಒಂಬೈನೂರಕ್ಕೂ ಹೆಚ್ಚು ಜನ. "ಇವರೆಲ್ಲ ಇಷ್ಟು ವರ್ಷ ಎಲ್ಲಿ ಸತ್ತಿದ್ರು" ಎಂದು ಅತ್ತೆ ಗೊಣಗಿದರು. ಸೊಸೆಯ ಮೇಲಿನ ಸಿಟ್ಟಿಗೆ ಬರುವುದಿಲ್ಲವೆಂದವರು ಕೊನೆಗೆ ಬಂದು ಮೂರನೇ ಸಾಲಿನಲ್ಲಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತಿದ್ದರು. ಗಂಡ ಬಾಗಿಲ ಬಳಿ ನಿಂತಿದ್ದ, ಮಗಳು ಅವನ ಪಕ್ಕ.

ಅಧಿಕಾರಿ ಹಳೆಯ ಠರಾವು ಓದಿದಳು. "ಹಾಜರಿದ್ದವರು ಇನ್ನೂರ ಇಪ್ಪತ್ತನಾಲ್ಕು. ಸರ್ವಾನುಮತ. ಇದಕ್ಕೆ ಯಾರದಾದರೂ ಆಕ್ಷೇಪಣೆ ಇದ್ದರೆ ಈಗ ಹೇಳಿ."

ತಲೆಗಳು ಕೆಳಗಿದ್ದವು. ತಮ್ಮ ತಮ್ಮ ಸಹಿಯನ್ನು ಪುಸ್ತಕದಲ್ಲಿ ನೋಡಿ ಬಂದಿದ್ದವರು ಅವರೆಲ್ಲ. ಮರೆವಿನ ಮೇಲೆ ತಪ್ಪು ಹೊರಿಸಿ ಬಾಯಿ ಕಟ್ಟಿಕೊಂಡಿದ್ದರು.

ಸೊಸೆ ಎದ್ದು ನಿಂತಳು. ಮೇಜಿನ ಬಳಿ ಹೋಗಿ ಒಂದು ಖಾಲಿ ಹಾಳೆ ಎಳೆದುಕೊಂಡಳು.

"ಏನಮ್ಮಾ?" ಅಧಿಕಾರಿ ಕೇಳಿದಳು.

ಸೊಸೆ ಬರೆದಳು. ಮೀನಂಗಡಿಯವನ ಕೊಕ್ಕೆ ಸಹಿ. ದರ್ಜಿಯ ಸುರುಳಿ ಸಹಿ. ರಾತ್ರಿ ಕಾವಲಿನವನ ಬಾಗಿದ ಸಹಿ. ಕಾರ್ಡು ನೋಡಲಿಲ್ಲ, ಪುಸ್ತಕ ನೋಡಲಿಲ್ಲ. ಮುಂದಿನ ಸಾಲಿನಲ್ಲಿದ್ದ ದರ್ಜಿ ಎದ್ದು ಬಗ್ಗಿ ನೋಡಿದ.

"ಅಯ್ಯೋ! ಅದು ನಂದು!" ಎಂದ. ಕದ್ದ ವಸ್ತು ಸಿಕ್ಕವನ ದನಿಯಲ್ಲ ಅದು. ತನ್ನ ಮುಖವನ್ನೇ ಇನ್ನೊಬ್ಬರ ಕತ್ತಿನ ಮೇಲೆ ಕಂಡವನ ದನಿ.

ಜನ ಮುಂದೆ ನುಗ್ಗಿದರು. ಹಾಳೆ ತುಂಬುತ್ತಿತ್ತು. ಹಿಂದಿನವರು ಏನಾಯಿತು, ಏನಾಯಿತು ಎಂದು ಕೂಗಿದರು. ಕೊನೆಗೆ ಒಂದು ದಪ್ಪ ಹೊಟ್ಟೆಯ ಅಕ್ಷರ, ಮೂರು ಸಣ್ಣವು. ಉದ್ದ ಗೆರೆ ಎಳೆಯುವಾಗ ಮೊದಲ ಸಲ ಅವಳ ಕೈ ಮಧ್ಯದಲ್ಲಿ ನಿಂತಿತು. ತಲೆ ಎತ್ತಿದರೆ ಇಸ್ತ್ರಿಯಕ್ಕ ಎದುರಿಗೇ ನಿಂತಿದ್ದಳು.

"ಎಳಿ" ಎಂದಳು ಇಸ್ತ್ರಿಯಕ್ಕ. "ನಿಲ್ಲಿಸಬಾರದು ಅಂತ ನೀನೇ ಹೇಳಿಕೊಟ್ಟಿದ್ದು."

ಸೊಸೆ ಎಳೆದಳು.

"ಯಾರು ಬರೆಸಿದ್ದು ಇದನ್ನು?" ಅಧಿಕಾರಿಯ ಮೆಲುದನಿಯೂ ಒಡೆದಿತ್ತು.

"ನಾನು" ಎಂದರು ಮಾವ, ಕೂತಲ್ಲಿಂದಲೇ. ಆಮೇಲೆ ಕುರ್ಚಿಯ ಬೆನ್ನು ಹಿಡಿದು ಕಷ್ಟಪಟ್ಟು ಎದ್ದರು. "ಪುಸ್ತಕ ಮನೆಗೆ ತಂದೋನು ನಾನು. ಅವತ್ತು ಸಭೆಗೆ ಬಂದಿದ್ದು ಮೂವತ್ತೊಂದು ಜನ. ಬನ್ನು ಉಳಿದು ಮನೆಗೆ ತಂದಿದ್ವಿ."

ಶೆಡ್ಡಿನಲ್ಲಿ ಎದ್ದ ಗದ್ದಲ ತಗ್ಗಲು ಕಾಲು ಗಂಟೆ ಹಿಡಿಯಿತು. ಯಾರೋ ಕುರ್ಚಿ ಎಸೆದರು. ಯಾರೋ ಅದೇ ಕುರ್ಚಿಯನ್ನು ತಂದು ಮಾವನಿಗೆ ಕೂರಲು ಕೊಟ್ಟರು. ಅಧಿಕಾರಿ ಹೇಳಿಕೆ ಬರೆದುಕೊಳ್ಳತೊಡಗಿದಳು. ಮೊದಲು ಇಸ್ತ್ರಿಯಕ್ಕನದು: ಆ ದಿನ ಸಭೆಗೆ ಬಂದಿರಲಿಲ್ಲ, ಪುಸ್ತಕದಲ್ಲಿರುವುದು ತನ್ನ ಸಹಿಯಲ್ಲ.

"ಇಲ್ಲಿ ಸಹಿ ಮಾಡಿ."

ಇಸ್ತ್ರಿಯಕ್ಕ ಪೆನ್ನನ್ನು ನೋಡಿದಳು, ಮುಟ್ಟಲಿಲ್ಲ. "ಆ ಶಾಯಿ ಡಬ್ಬಿ ಕೊಡಿ."

"ನಿಮಗೆ ಸಹಿ ಬರುತ್ತಲ್ಲ?"

"ಅದು ಟೀಚರಮ್ಮಂದು. ಅವಳಿಗೇ ವಾಪಸ್ ಕೊಟ್ಟೆ." ಹದಿಮೂರು ವರ್ಷ ಬಿಟ್ಟಿದ್ದ ಹೆಬ್ಬೆರಳನ್ನು ಶಾಯಿಗೆ ಒತ್ತಿ, ಹಾಳೆಯ ಮೇಲೆ ಇಸ್ತ್ರಿಪೆಟ್ಟಿಗೆಯಷ್ಟು ಭಾರ ಹಾಕಿ ಊರಿದಳು. "ಇದನ್ನ ನನಗೆ ಯಾರೂ ಕಲಿಸಿಲ್ಲ. ಇದನ್ನ ಯಾರೂ ಹಾಕೋಕಾಗಲ್ಲ."

ಸೊಸೆ ನೆಲ ನೋಡುತ್ತ ನಿಂತಿದ್ದಳು. ಮೂರನೇ ಸಾಲಿನಲ್ಲಿ ಕುರ್ಚಿ ಸರಿದ ಸದ್ದಾಯಿತು.

"ಹಾಕಬಹುದು ಕಣೇ" ಎಂದರು ಅತ್ತೆ.

ಅವರು ಯಾರ ಮುಖವನ್ನೂ ನೋಡದೆ ಮೇಜಿನವರೆಗೆ ನಡೆದು ಬಂದರು. ಕಂಕುಳಲ್ಲಿದ್ದ ಕೈಗಳನ್ನು ಹೊರತೆಗೆದು ಮುಷ್ಟಿ ಬಿಡಿಸಿದರು. ಇಟ್ಟಿಗೆ ಹೊತ್ತ ಕೈಗಳು. ಶಾಯಿ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡರು.

"ಬರ್ಕೊಳಮ್ಮ. ಇದು ಮೀನಂಗಡಿಯವನ ತಾಯಿ." ಬಲ ಹೆಬ್ಬೆರಳು. "ಇದು ಗೇಟಿನ ಮುದುಕ." ತೋರುಬೆರಳನ್ನು ಅಗಲವಾಗಿ ಉರುಳಿಸಿದರು. "ಇದು ಕಸ ಗುಡಿಸೋ ಅಕ್ಕ. ಇದು ಅವಳ ನಾದಿನಿ."

ಅಧಿಕಾರಿ ಒಂದೊಂದು ಗುರುತಿನ ಕೆಳಗೂ ಸಂಖ್ಯೆ ಬರೆಯುತ್ತ ಹೋದಳು. ಒಂಬತ್ತು ಬೆರಳು ಮುಗಿದವು. ಹತ್ತನೆಯದು ಎಡಗೈಯ ಕಿರುಬೆರಳು. ಅತ್ತೆ ಅದನ್ನು ಒತ್ತಿ, ಎತ್ತಿ, ನೋಡುತ್ತ ನಿಂತರು.

"ಇದು ಯಾರದು?" ಅಧಿಕಾರಿ ಕೇಳಿದಳು.

ಅತ್ತೆಗೆ ನೆನಪಾಗಲಿಲ್ಲ. ಸೊಸೆಯ ಕಡೆ ನೋಡಿದರು. ಸೊಸೆಗೂ ನೆನಪಿರಲಿಲ್ಲ.

ಕುರ್ಚಿಗಳ ನಡುವೆ ಅಲ್ಲಲ್ಲಿ ಕೆಲವರು ತಮ್ಮ ಹೆಬ್ಬೆರಳನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿಕೊಂಡರು.